ಹಲಸಂಗಿ: ಹಾಡು ಕೂಡಿಸಿದ ಊರಿಗೆ ನಾಟಕದ ಶಾಲೆ ಬೇಕು

ಭೀಮಾ ನದಿಯ ಈಚೆ ದಂಡೆಯ ಎರಿ ಹೊಲಗಳ ಸೀಮೆ. ನದಿ ದಾಟಿದರೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ಹಿಂಗಾರಿಗೆ ಬಿಳಿಜೋಳ, ನೀರಿದ್ದ ಕಡೆ ನಿಂಬೆ ತೋಟ, ಸಂತೆಯಲ್ಲಿ ಕನ್ನಡದ ಜೊತೆಗೆ ಮರಾಠಿ. ಬಹುಕಾಲ ಇಂಡಿ ತಾಲ್ಲೂಕಿನಲ್ಲಿದ್ದು ಈಗ ಚಡಚಣ ತಾಲ್ಲೂಕಿಗೆ ಸೇರಿರುವ ಹಲಸಂಗಿ, ಹೊರಗಿನಿಂದ ನೋಡಿದವರಿಗೆ ಈ ಭಾಗದ ಯಾವುದೇ ಹಳ್ಳಿಯಂತೆಯೇ ಕಾಣುತ್ತದೆ. ಆದರೆ ಕನ್ನಡ ಸಾಹಿತ್ಯದ ಚರಿತ್ರೆ ಬರೆಯುವ ಯಾರೂ ಈ ಊರಿನ ಹೆಸರು ಬಿಟ್ಟು ಮುಂದೆ ಹೋಗಲಾರರು.

ಕಾರಣ ‘ಹಲಸಂಗಿ ಗೆಳೆಯರು’. ಮಧುರಚೆನ್ನರೆಂದು ನಾಡು ಕರೆದ ಚೆನ್ನಮಲ್ಲಪ್ಪ ಗಲಗಲಿ, ಚಡಚಣದಲ್ಲಿ ಹುಟ್ಟಿ ಮಾಸ್ತರಿಕೆ ಮಾಡಿದ ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಹೊಟ್ಟೆಪಾಡಿನ ಕೆಲಸ ಬಿಡದೆ, ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಪಕ್ಕದಲ್ಲಿ, ಮದುವೆ ಮನೆಯಲ್ಲಿ ಹೆಣ್ಣುಮಕ್ಕಳು ಹಾಡುತ್ತಿದ್ದುದನ್ನು ಇವರು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಜಾನಪದ ವಿಭಾಗ ಎಂಬುದೊಂದು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಹಳ್ಳಿಯ ನಾಲ್ಕು ಜನ ಗೆಳೆಯರು ಮಾಡಿದ ಕೆಲಸವಿದು.

ಇಷ್ಟು ಎಲ್ಲರಿಗೂ ಗೊತ್ತು, ಪ್ರತಿ ಸಮಾರಂಭದ ಭಾಷಣದಲ್ಲೂ ಬರುತ್ತದೆ. ಭಾಷಣಗಳಲ್ಲಿ ಬಾರದ ಒಂದು ಮಾತಿದೆ. ಈ ಊರಿನದು ಬರೀ ಹಾಡಿನ ಪರಂಪರೆಯಲ್ಲ, ಅದರ ಹೊಟ್ಟೆಯೊಳಗೇ ನಾಟಕವಿದೆ. ಗರತಿಯ ತ್ರಿಪದಿಗಳನ್ನು ಮತ್ತೊಮ್ಮೆ ಓದಿ ನೋಡಿ. ಅಲ್ಲಿ ಯಾರೋ ಯಾರ ಎದುರಿಗೋ ನಿಂತು ಆಡಿದ ಮಾತೇ ಹೆಚ್ಚು. ತಂಗಿ ಅಣ್ಣನಿಗೆ ಹೇಳುತ್ತಾಳೆ, ಸೊಸೆ ಅತ್ತೆಗೆ ಹೇಳಲಾರದ್ದನ್ನು ಕಲ್ಲಿಗೆ ಹೇಳುತ್ತಾಳೆ, ತಾಯಿ ಕೂಸಿಗೆ ಹೇಳುವ ನೆಪದಲ್ಲಿ ಗಂಡನಿಗೆ ಕೇಳಿಸುತ್ತಾಳೆ. ಮೂರು ಸಾಲಿನೊಳಗೆ ಒಂದು ಪಾತ್ರ, ಆ ಪಾತ್ರಕ್ಕೊಂದು ನೋವು, ಎದುರಿಗೆ ಕಾಣದ ಇನ್ನೊಬ್ಬರು. ನಾಟಕ ಬರೆಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಕಂಡಿಲ್ಲ.

ಲಾವಣಿಯದು ಇನ್ನೊಂದು ಬಗೆ. ಹಲಸಂಗಿಯ ಖಾಜಾಭಾಯಿ ಲಾವಣಿಕಾರರಾಗಿ ಹೆಸರಾದವರು. ಈ ಸೀಮೆಯಲ್ಲಿ ಲಾವಣಿ ಹಾಡುವ ಗೀಗೀ ಮೇಳ ನಿಲ್ಲುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಮುಂದೆ ನಿಂತ ಹಾಡುಗಾರನ ಕೈಯಲ್ಲಿ ದಪ್ಪು. ಅವನ ಹಿಂದೆ ಇಬ್ಬರು, ಒಬ್ಬನದು ತುಂತುಣಿ, ಇನ್ನೊಬ್ಬನದು ತಾಳ. ಮುಂದಿನವನು ನುಡಿ ಎತ್ತಿದರೆ ಹಿಂದಿನವರು ‘ಜೀ ಜೀ’ ಎಂದು ಹಿಡಿಯುತ್ತಾರೆ. ಎದುರಿಗೆ ಇನ್ನೊಂದು ಮೇಳ. ಒಂದು ಹರದೇಶಿ, ಇನ್ನೊಂದು ನಾಗೇಶಿ. ಒಬ್ಬರು ಗಂಡು ಹೆಚ್ಚೆಂದರೆ ಮತ್ತೊಬ್ಬರು ಹೆಣ್ಣು ಹೆಚ್ಚೆನ್ನಬೇಕು. ಸವಾಲು ಹಾಕಿದವನು ಪುರಾಣದಿಂದ ಒಂದು ಗಂಟು ತಂದು ಸಭೆಯ ನಡುವೆ ಇಡುತ್ತಾನೆ. ಜವಾಬು ಕೊಡುವವನು ಆ ಗಂಟನ್ನು ಬಿಚ್ಚಿ, ತಿರುಗಿ ತನ್ನದೊಂದು ಹಾಕಬೇಕು. ಎದುರಾಳಿಯ ಮಾತನ್ನು ಪೂರ್ತಿ ಕೇಳದೆ ಜವಾಬು ಹುಟ್ಟುವುದಿಲ್ಲ. ರಂಗಶಾಲೆಗಳಲ್ಲಿ ಮಾಸ್ತರರು ತಿಂಗಳುಗಟ್ಟಲೆ ಹೇಳಿಕೊಡುವುದೂ ಇದನ್ನೇ: ನಿನ್ನ ಮಾತು ಆಡುವುದಕ್ಕಿಂತ ಮೊದಲು ಎದುರಿನವನ ಮಾತು ಕೇಳು.

ಇನ್ನು ಜಾತ್ರೆಯ ನಾಟಕ. ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ತಾಲೀಮು ಶುರು. ಪೇಟಿ ಮಾಸ್ತರ ಬರುತ್ತಾರೆ. ಗುಡಿಯ ಕಟ್ಟೆಯ ಮೇಲೆ ಅಥವಾ ಸಮುದಾಯ ಭವನದಲ್ಲಿ ರಾತ್ರಿ ಊಟವಾದ ಮೇಲೆ ಹುಡುಗರು ಸೇರುತ್ತಾರೆ. “ತಮ್ಮಾ, ಕಡೀ ಸಾಲಿನ ಮುದುಕಿಗಿ ಕೇಳಿಸಬೇಕು, ಎದಿಯಿಂದ ಮಾತು ತಗೀ” ಎನ್ನುವುದೇ ಅಲ್ಲಿನ ಅಭಿನಯ ಶಾಸ್ತ್ರ. ಸ್ತ್ರೀ ಪಾತ್ರದವರು ಬೇರೆ ಊರಿನಿಂದ ಕೊನೆಯ ಒಂದೆರಡು ದಿನಕ್ಕೆ ಬರುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಪರದೆಯ ಮರೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಮಾತು ಕೊಡುತ್ತಾರೆ. ಹಗಲೆಲ್ಲ ಟ್ರ್ಯಾಕ್ಟರ್ ಹೊಡೆದ ಹುಡುಗ ರಾತ್ರಿ ದುರ್ಯೋಧನನಾಗುತ್ತಾನೆ. ಈ ಹುಮ್ಮಸ್ಸಿನ ಬಗ್ಗೆ ನನಗೆ ಅಪಾರ ಗೌರವವಿದೆ.

ಆದರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಜಾತ್ರೆ ಮುಗಿದ ಮರುದಿನ ಬಣ್ಣ ತೊಳೆದರೆ ಮುಂದಿನ ವರ್ಷದವರೆಗೆ ಏನೂ ಇಲ್ಲ. ಆಡುವ ನಾಟಕವೂ ಅಂಗಡಿಯಲ್ಲಿ ಸಿಕ್ಕ ಅಚ್ಚಿನ ಪುಸ್ತಕವೇ. ತಮ್ಮ ಊರಿನ ಸಂಗತಿ ಹಿಡಿದು, ಬರಗಾಲದ ಬಗ್ಗೆ, ಗುಳೆ ಹೋದವರ ಬಗ್ಗೆ, ಭೀಮೆಯ ನೀರಿನ ಬಗ್ಗೆ ಹೊಸ ನಾಟಕ ಬರೆಯುವುದನ್ನು ಕಲಿಸುವವರಿಲ್ಲ.

ಹಾಗೆಂದು ಈ ನೆಲಕ್ಕೆ ನಾಟಕಕಾರರು ಹೊಸಬರೂ ಅಲ್ಲ. ಆಧುನಿಕ ಕನ್ನಡ ನಾಟಕಕ್ಕೆ ದಾರಿ ಹಾಕಿದ ಶ್ರೀರಂಗರು, ಅಂದರೆ ಆದ್ಯ ರಂಗಾಚಾರ್ಯರು, 1904ರಲ್ಲಿ ಹುಟ್ಟಿದ್ದು ಇದೇ ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ. ಲಂಡನ್ನಿನಲ್ಲಿ ಓದಿ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದವರು, ‘ಹರಿಜನ್ವಾರ’, ‘ಕತ್ತಲೆ ಬೆಳಕು’, ‘ಕೇಳು ಜನಮೇಜಯ’ ಬರೆದವರು, ಭರತನ ನಾಟ್ಯಶಾಸ್ತ್ರವನ್ನು ಇಂಗ್ಲಿಷಿಗೆ ತಂದವರು. ಬರೆದು ಸುಮ್ಮನಾಗದೆ ಹವ್ಯಾಸಿ ನಟರಿಗಾಗಿ ತರಬೇತಿ ಶಿಬಿರಗಳನ್ನೂ ನಡೆಸಿದರು. ನಟನೆಯನ್ನು ಕಲಿಸಬಹುದು, ಕಲಿಯಬೇಕು ಎಂದು ಕನ್ನಡಿಗರಿಗೆ ಹೇಳಿದ ಮೊದಲಿಗರ ಸಾಲಿನಲ್ಲಿ ನಮ್ಮ ಸೀಮೆಯವರೇ ಇದ್ದಾರೆ. ಕಂಪನಿ ನಾಟಕದ ಕಡೆ ನೋಡಿದರೆ ‘ರಕ್ತರಾತ್ರಿ’ ಬರೆದ ಕಂದಗಲ್ ಹನುಮಂತರಾಯರು. ವಿಜಯಪುರದ ರಂಗಮಂದಿರಕ್ಕೆ ಇಟ್ಟಿರುವುದು ಅವರ ಹೆಸರನ್ನೇ.

ಇಷ್ಟಿದ್ದೂ ಹಲಸಂಗಿಯ ಹುಡುಗನೋ ಹುಡುಗಿಯೋ ವರ್ಷವಿಡೀ ಕೂತು ನಾಟಕ ಕಲಿಯಬೇಕೆಂದರೆ ಮಲೆನಾಡಿನ ಹೆಗ್ಗೋಡಿನಂಥ ದೂರದ ಊರಿಗೆ ಹೋಗಬೇಕು. ಸಾಗರ ತಾಲ್ಲೂಕಿನ ಆ ಅಡಿಕೆ ತೋಟದ ಹಳ್ಳಿಯ ಕಥೆ ಇಲ್ಲಿ ಹೇಳಲೇಬೇಕು. 1949ರಲ್ಲಿ ಊರಿನವರು ಸೇರಿ ಕಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ಇಂದಿನ ನೀನಾಸಮ್. ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಲ್ಲಿ ‘ತಿರುಗಾಟ’ ಶುರುವಾಯಿತು. ಆ ತಂಡ ನಾಟಕಗಳನ್ನು ಹೊತ್ತು ಊರೂರು ಸುತ್ತುತ್ತದೆ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿ ಸೇರಿದ ಒಂದಷ್ಟು ವಿದ್ಯಾರ್ಥಿಗಳು ಒಟ್ಟಿಗೆ ಇದ್ದು ನಟನೆಯ ಜೊತೆಗೆ ಬೆಳಕು, ಪ್ರಸಾಧನ, ರಂಗಸಜ್ಜಿಕೆ, ರಂಗಚರಿತ್ರೆ ಎಲ್ಲವನ್ನೂ ಕಲಿಯುತ್ತಾರೆ. ಮೊಳೆ ಹೊಡೆಯುವುದೂ ಪಾಠ, ಕಾಳಿದಾಸನನ್ನು ಓದುವುದೂ ಪಾಠ.

ಹೆಗ್ಗೋಡಿಗೆ ಆಗ ಇದ್ದುದೇನು? ಒಂದು ಹವ್ಯಾಸಿ ತಂಡ, ಓದುವ ಹುಚ್ಚಿದ್ದ ಕೆಲವರು, ಅವರನ್ನು ನಂಬಿದ ಊರು. ಹಲಸಂಗಿಗೆ ಈ ಮೂರರಲ್ಲಿ ಯಾವುದರ ಕೊರತೆಯೂ ಇಲ್ಲ. ಮೊದಲಿಗೆ ವರ್ಷದ ಕೋರ್ಸು, ದೊಡ್ಡ ಕಟ್ಟಡ ಯಾವುದೂ ಬೇಡ. ಏಪ್ರಿಲ್‌–ಮೇ ತಿಂಗಳಲ್ಲಿ ಸರ್ಕಾರಿ ಶಾಲೆಯ ಕೊಠಡಿಗಳು ಖಾಲಿ ಇರುತ್ತವೆ, ಹೊಲದ ಕೆಲಸವೂ ಕಡಿಮೆ. ಹದಿನೈದು–ಇಪ್ಪತ್ತು ಜನ ಹುಡುಗ ಹುಡುಗಿಯರು, ಆರು ವಾರ. ಬೆಳಿಗ್ಗೆ ದೇಹ ಮತ್ತು ದನಿಯ ಅಭ್ಯಾಸ. ಮಧ್ಯಾಹ್ನ ಬರವಣಿಗೆ: ಒಂದು ತ್ರಿಪದಿ ಕೊಟ್ಟು, ಅದನ್ನು ಹೇಳಿದವಳು ಯಾರು, ಯಾರಿಗೆ ಹೇಳಿದಳು, ಕೇಳಿದವರು ಏನೆಂದರು, ಈ ಮೂರನ್ನೂ ದೃಶ್ಯವಾಗಿ ಬರೆಯಲು ಹೇಳುವುದು. ಸಂಜೆ ಗೀಗೀ ಮೇಳದ ಹಿರಿಯರನ್ನು ಕೂರಿಸಿ ಸವಾಲು–ಜವಾಬು. ಕಲಬುರಗಿ ಮತ್ತು ಧಾರವಾಡದ ರಂಗಾಯಣಗಳಿಂದ, ನೀನಾಸಮ್‌ನಲ್ಲಿ ಕಲಿತು ಬಂದ ನಮ್ಮ ಭಾಗದವರಿಂದ ಮಾಸ್ತರರನ್ನು ಕರೆಸಬಹುದು. ಹೆಣ್ಣುಮಕ್ಕಳು ಕಲಿತರೆ ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಕರೆತರುವ ಖರ್ಚೂ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ‘ಗರತಿಯ ಹಾಡು’ ಕಟ್ಟಿದವರ ಮೊಮ್ಮಕ್ಕಳು ತಮ್ಮ ಮಾತನ್ನು ತಾವೇ ರಂಗದ ಮೇಲೆ ಆಡುತ್ತಾರೆ.

ಗೆಳೆಯರ ಹೆಸರಿನಲ್ಲಿ ಸರ್ಕಾರದ ಪ್ರತಿಷ್ಠಾನವಿದೆ. ವಿಚಾರ ಸಂಕಿರಣ, ಸನ್ಮಾನ ಬೇಡವೆನ್ನುವುದಿಲ್ಲ. ಬರುವ ಬೇಸಿಗೆಯಲ್ಲಿ ಪ್ರತಿಷ್ಠಾನ ಅವುಗಳ ಜೊತೆಗೆ ಇಂಥದೊಂದು ಶಿಬಿರವನ್ನೂ ಹಲಸಂಗಿಯಲ್ಲೇ ನಡೆಸಲಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಅನುದಾನ ಕೊಡಲಿ, ಶಾಲೆಯವರು ಕೊಠಡಿ ಕೊಡಲಿ. ಊಟದ ಚಿಂತೆಯನ್ನು ಜೋಳ ಬೆಳೆಯುವ ಊರಿಗೆ ಬಿಡಿ.