ಪಾಮೇರಿಯನ್ ತುಪ್ಪಳಕ್ಕೆ ಕತ್ತರಿ ಬೇಡ

ಚೂಪು ಮೂತಿ, ನೆಟ್ಟಗೆ ನಿಂತ ಪುಟ್ಟ ಕಿವಿ, ಬೆನ್ನ ಮೇಲೆ ಸುರುಳಿ ಸುತ್ತಿಕೊಂಡ ಬಾಲ, ಹಿಂಜಿದ ಹತ್ತಿಯನ್ನು ಮೈಗೆಲ್ಲ ಅಂಟಿಸಿದಂಥ ತುಪ್ಪಳ. ನಾವು ‘ಪಾಮೇರಿಯನ್’ ಎಂದು ಕರೆಯುವ ಈ ಬಿಳಿ ನಾಯಿಯನ್ನು ನೋಡದವರು ಕಡಿಮೆ. ಯಾರಾದರೂ ಗೇಟು ಮುಟ್ಟಿದರೆ ಸಾಕು, ಓಣಿಗೆಲ್ಲ ಕೇಳುವಂತೆ ಬೊಗಳುತ್ತದೆ. ಪಶುವೈದ್ಯನಾದ ನನಗೆ ಪ್ರತಿ ಬೇಸಿಗೆಯಲ್ಲೂ ಎದುರಾಗುವ ಪ್ರಶ್ನೆ ಒಂದಿದೆ: ‘ಡಾಕ್ಟ್ರೇ, ಪಾಪ, ಇದಕ್ಕೆ ಸೆಕೆ ತಡೆಯೋಕಾಗ್ತಿಲ್ಲ. ಕೂದಲು ಬೋಳಿಸಿಬಿಡೋಣವೇ?’

ಬೇಡ ಎಂದೇ ನಾನು ಹೇಳುತ್ತೇನೆ. ಯಾಕೆಂದು ತಿಳಿಯಲು ಇದರ ವಂಶದ ಕಥೆಯನ್ನು ಸ್ವಲ್ಪ ಕೇಳಬೇಕು.

ಹೆಸರು ಒಂದು, ನಾಯಿ ಎರಡು

ಪಾಮೆರೇನಿಯಾ ಎಂಬುದು ಬಾಲ್ಟಿಕ್ ಸಮುದ್ರದ ದಕ್ಷಿಣ ದಂಡೆಯ ಪ್ರದೇಶ. ಈಗ ಪೋಲೆಂಡ್ ಮತ್ತು ಜರ್ಮನಿಗಳಲ್ಲಿ ಹಂಚಿಹೋಗಿದೆ. ಅಲ್ಲಿನ ಹೆಸರು ಹೊತ್ತ ನಾಯಿಗಳು ಮೊದಲು ಈಗಿನಷ್ಟು ಚಿಕ್ಕವಾಗಿರಲಿಲ್ಲ. 1888ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸ್‌ನಲ್ಲಿ ‘ಮಾರ್ಕೊ’ ಎಂಬ ಪುಟ್ಟ ನಾಯಿಯನ್ನು ಮೆಚ್ಚಿ ಪಡೆದಳು. ರಾಣಿ ಮೆಚ್ಚಿದ ಮೇಲೆ ಕೇಳಬೇಕೆ? ಚಿಕ್ಕ ನಾಯಿಗಳಿಗೇ ಬೇಡಿಕೆ ಬಂತು. ಇಂದಿನ ಅಸಲಿ ಪಾಮೇರಿಯನ್ ಸುಮಾರು 2ರಿಂದ 3 ಕಿಲೋ ತೂಗುತ್ತದೆ, ಅಷ್ಟೆ.

ನಮ್ಮ ಮನೆಗಳಲ್ಲಿ ಆ ಹೆಸರಿನಿಂದ ಬೆಳೆಯುವುದು ಹೆಚ್ಚಾಗಿ ಅದರ ನೆಂಟ, ಇಂಡಿಯನ್ ಸ್ಪಿಟ್ಜ್. ಇದರಲ್ಲಿ ಚಿಕ್ಕದು 5ರಿಂದ 7 ಕಿಲೋ, ದೊಡ್ಡದು 12 ಕಿಲೋಗೂ ಮೇಲೆ. 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದ ‘ಟಫಿ’ಯನ್ನು ಅಜ್ಜ ಅಜ್ಜಿಯರು ಮರೆತಿರಲಾರರು. ಅದೂ ಇದೇ ತಳಿಯದು.

ಎರಡು ಪದರದ ಅಂಗಿ

ಮಕ್ಕಳೇ, ನಿಮ್ಮ ನಾಯಿಯ ತುಪ್ಪಳವನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ನೋಡಿ. ಮೇಲೆ ಉದ್ದನೆಯ ಒರಟು ಕೂದಲು, ಅಡಿಯಲ್ಲಿ ಅರಳೆಯಂಥ ಮೆತ್ತನೆಯ ಒತ್ತು ಕೂದಲು. ಮೇಲಿನ ಪದರ ಬಿಸಿಲು, ಧೂಳು ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಬುಡದವರೆಗೆ ಬೋಳಿಸಿದರೆ ಬಿಸಿಲು ನೇರವಾಗಿ ಚರ್ಮವನ್ನು ಸುಡುತ್ತದೆ. ಕೆಲವು ನಾಯಿಗಳಿಗೆ ಕೂದಲು ಮತ್ತೆ ಮೊದಲಿನಂತೆ ಬೆಳೆಯುವುದೇ ಇಲ್ಲ, ಅಲ್ಲಲ್ಲಿ ಬೋಳಾಗಿಯೇ ಉಳಿಯುತ್ತದೆ.

ಹಾಗಾದರೆ ಸೆಕೆಗೆ ಏನು ಮಾಡುವುದು? ಬಾಚುವುದು! ಉದುರಿದ ಒಳಗೂದಲು ಮೇಲಿನ ಪದರದಲ್ಲಿ ಸಿಕ್ಕಿಕೊಂಡರೆ ಗಾಳಿಯಾಡುವುದಿಲ್ಲ. ವಾರಕ್ಕೆ ಮೂರು ಸಲ ಬುಡದಿಂದ ಬಾಚಿ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಹಿಂಭಾಗದಲ್ಲಿ ಗಂಟು ಕಟ್ಟುವುದು ಹೆಚ್ಚು. ಬಾಚುವಾಗಲೇ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ನೋಡಿಬಿಡಿ. ಉಣ್ಣಿಯಿಂದ ಪ್ರಾಣಕ್ಕೇ ಕುತ್ತು ತರುವ ಜ್ವರ ಬರಬಹುದು. ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಆದರೆ ಒಳಪದರ ಪೂರ್ತಿ ಒಣಗಲೇಬೇಕು. ತೇವ ಉಳಿದರೆ ಚರ್ಮದಲ್ಲಿ ಹುಣ್ಣಾಗುತ್ತದೆ.

ನಾಲಗೆಯೇ ಬೀಸಣಿಗೆ

ನಮ್ಮಂತೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಒಂದಿಷ್ಟು ಬೆವರುತ್ತದೆ. ಉಳಿದಂತೆ ನಾಲಗೆ ಚಾಚಿ ಏದುಸಿರು ಬಿಡುತ್ತಲೇ ಮೈಯ ಬಿಸಿಯನ್ನು ಹೊರಹಾಕಬೇಕು. ಆದ್ದರಿಂದ ಸುತ್ತಾಟ ಬೆಳಗಿನ ತಂಪಿನಲ್ಲಿ ಅಥವಾ ಸೂರ್ಯ ಮುಳುಗಿದ ಮೇಲೆ ಇರಲಿ. ಹೊರಡುವ ಮುನ್ನ ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲಿಟ್ಟು ಏಳು ಎಣಿಸಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ. ಮಧ್ಯಾಹ್ನ ತಾರಸಿಯಲ್ಲಿ ಕಟ್ಟಬೇಡಿ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷವೂ ಬಿಡಬೇಡಿ. ಕಲಬುರಗಿ, ರಾಯಚೂರಿನಂಥ ಊರುಗಳಲ್ಲಂತೂ ಮಧ್ಯಾಹ್ನ ಒಳಮನೆಯ ತಣ್ಣನೆಯ ನೆಲವೇ ಅದಕ್ಕೆ ಸ್ವರ್ಗ.

ನಾಯಿಯ ಸಹಜ ಮೈಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಅಪಾಯ. ನಿಲ್ಲದ ಏದುಸಿರು, ಜೊಲ್ಲು, ಕಡುಗೆಂಪು ಒಸಡು, ತೂರಾಡುವ ನಡಿಗೆ ಕಂಡರೆ ತಡಮಾಡಬೇಡಿ. ನೆರಳಿಗೆ ತಂದು, ಹೊಟ್ಟೆ, ಪಾದಗಳ ಮೇಲೆ ನಲ್ಲಿಯ ತಣ್ಣೀರು ಸುರಿದು, ಫ್ಯಾನ್ ಹಾಕಿ. ಎಚ್ಚರವಿದ್ದರೆ ಗುಟುಕು ಗುಟುಕಾಗಿ ನೀರು ಕೊಡಿ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಲ್ಲಿಗೆ ಕರೆದೊಯ್ಯಿರಿ. ಒಳಗಿನ ಅಂಗಗಳಿಗೆ ಆದ ಪೆಟ್ಟು ಹೊರಗೆ ಕಾಣುವುದಿಲ್ಲ.

ಚೆನ್ನಾಗಿ ನೋಡಿಕೊಂಡರೆ ಈ ನಾಯಿ 12, 14 ವರ್ಷ ಬಾಳುತ್ತದೆ. ಅಂದರೆ, ಒಂದನೇ ತರಗತಿಯ ಮಗು ಕಾಲೇಜಿಗೆ ಹೋಗುವವರೆಗೂ ಜೊತೆಗಿರುತ್ತದೆ. ಬಾಚುವ ಕೆಲಸವನ್ನು ತಾತ ಮೊಮ್ಮಕ್ಕಳು ಹಂಚಿಕೊಳ್ಳಿ. ಮಕ್ಕಳು ನಾಯಿಯನ್ನು ಮಾತಾಡಿಸುತ್ತಾ ಹಿಡಿದುಕೊಳ್ಳಲಿ, ತಾತ ಗಂಟು ಬಿಡಿಸಲಿ. ಹದಿನೈದು ನಿಮಿಷದ ಕೆಲಸ. ಕತ್ತರಿ ಡಬ್ಬಿಯಲ್ಲೇ ಇರಲಿ.