ಹಿತ್ತಲ ಗಿಡವೂ ಮದ್ದು

'ಹಿತ್ತಲ ಗಿಡ ಮದ್ದಲ್ಲ' ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಗಾದೆ. ಮನುಷ್ಯನು ಕಣ್ಣೆದುರಿಗಿರುವ ವಸ್ತುವಿನ ಗುಣವನ್ನರಿಯದೆ ದೂರದ್ದನ್ನು ಅರಸಿ ಹೋಗುತ್ತಾನೆಂಬುದು ಇದರ ತಾತ್ಪರ್ಯ. ಮೀನು ಮತ್ತು ಸಿಗಡಿಗಳ ಸಾಕಣೆಯಲ್ಲಿ ಈ ಮಾತು ಹೇಗೆ ಅನ್ವಯಿಸುವುದೆಂಬುದನ್ನು ನೋಡೋಣ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆದುದರಿಂದಲೇ ಪೂರ್ವಿಕರು ಇಲ್ಲಿ ಊರೂರಿಗೂ ಕೆರೆಗಳನ್ನು ಕಟ್ಟಿದರು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಜಿಲ್ಲೆಯ ಅನೇಕ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಬೆಳೆಸುವರು. ಕಡಲೆಕಾಯಿ ಹಿಂಡಿಯನ್ನೂ ಅಕ್ಕಿಯ ತೌಡನ್ನೂ ಸಮನಾಗಿ ಬೆರೆಸಿ ಮೇವಾಗಿ ಕೊಡುವುದು ಹಳೆಯ ರೂಢಿ.

ಉಪ್ಪುನೀರಿನ ಸಿಗಡಿಯ ನೆಲೆ ಕರಾವಳಿ. ಉತ್ತರ ಕನ್ನಡದ ಕುಮಟಾ ಬಳಿಯ ಅಘನಾಶಿನಿ ನದಿಯ ಗಜನಿ ಭೂಮಿಗಳಲ್ಲಿ ಸಿಗಡಿ ಸಾಕಣೆ ನಡೆಯುತ್ತದೆ. 1994-95ರಲ್ಲಿ ಬಿಳಿಚುಕ್ಕೆ ರೋಗವು ಭಾರತದ ಸಿಗಡಿ ಕೊಳಗಳಿಗೆ ತಗುಲಿ ಅಪಾರ ನಷ್ಟವನ್ನುಂಟುಮಾಡಿತು. ಈ ರೋಗಕ್ಕೆ ಕಾರಣ ವೈರಸ್. ಬ್ಯಾಕ್ಟೀರಿಯಗಳನ್ನು ಕೊಲ್ಲುವ ಆ್ಯಂಟಿಬಯಾಟಿಕ್ ಔಷಧಿಗಳು ವೈರಸ್ಸಿನ ಮುಂದೆ ನಿಷ್ಪ್ರಯೋಜಕ. ಮೇಲಾಗಿ, ಅವುಗಳ ಅಂಶ ಸಿಗಡಿಯ ಮಾಂಸದಲ್ಲಿ ಉಳಿಯಬಲ್ಲುದು. ಔಷಧಿಗೆ ಬಗ್ಗದ ರೋಗಾಣುಗಳೂ ಹುಟ್ಟಿಕೊಳ್ಳಬಹುದು. ಈ ಕಾರಣಗಳಿಂದ ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಮುಂತಾದವುಗಳ ಬಳಕೆಯನ್ನು ಜಲಕೃಷಿಯಲ್ಲಿ ನಿಷೇಧಿಸಲಾಗಿದೆ.

ಆಗ ವಿಜ್ಞಾನಿಗಳ ದೃಷ್ಟಿ ಬೆಳ್ಳುಳ್ಳಿ, ಅರಿಸಿನ, ತುಳಸಿಗಳಂತಹ ಮನೆಯಂಗಳದ ಸಸ್ಯಗಳತ್ತ ಹರಿಯಿತು. ನಮ್ಮ ದೇಹವು ಒಮ್ಮೆ ಬಂದ ರೋಗವನ್ನು ನೆನಪಿಟ್ಟು, ಅದಕ್ಕೆ ತಕ್ಕ ಪ್ರತಿಕಾಯಗಳನ್ನು ತಯಾರಿಸುತ್ತದೆ. ಸಿಗಡಿಗೆ ಈ ಶಕ್ತಿಯಿಲ್ಲ. ಅದರ ರಕ್ತಕಣಗಳು ರೋಗಾಣುಗಳನ್ನು ನೇರವಾಗಿ ನುಂಗಿ ನಾಶಮಾಡಬೇಕು. ಬೆಳ್ಳುಳ್ಳಿಯ ಆಲಿಸಿನ್, ಅರಿಸಿನದ ಕರ್ಕ್ಯುಮಿನ್ ಮೊದಲಾದ ದ್ರವ್ಯಗಳು ಈ ರಕ್ಷಣೆಯನ್ನು ಚುರುಕುಗೊಳಿಸಬಲ್ಲವೆಂದು ಪ್ರಯೋಗಗಳು ತೋರಿಸಿವೆ. ಸಸ್ಯವನ್ನು ಅರೆದು ಮೇವಿಗೆ ಸವರಿ, ನೀರಿನಲ್ಲಿ ತೊಳೆದುಹೋಗದಂತೆ ಅಂಟು ಬೆರೆಸಿ, ನೆರಳಿನಲ್ಲಿ ಒಣಗಿಸಿ ಕೊಡುತ್ತಾರೆ. ಇದು ರೋಗವನ್ನು ಗುಣಪಡಿಸುವ ಮಂತ್ರವಲ್ಲ. ರೋಗವನ್ನು ಎದುರಿಸಲು ಪ್ರಾಣಿಗೆ ಒದಗಿಸುವ ಬಲ ಮಾತ್ರ.

ಆದರೆ ಸಸ್ಯವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವೆಂದು ತಿಳಿಯಬಾರದು. ಚಹಾ ಬೀಜದ ಹಿಂಡಿಯಲ್ಲಿ ಸಪೋನಿನ್ ಎಂಬ ವಸ್ತುವಿದೆ. ಸಿಗಡಿ ಕೊಳದೊಳಗೆ ನುಗ್ಗಿದ ಬೇಡದ ಮೀನುಗಳನ್ನು ಕೊಲ್ಲಲು ಅದನ್ನು ಬಳಸುತ್ತಾರೆ. ಮೀನು ಸಾಯುತ್ತದೆ, ತಕ್ಕ ಪ್ರಮಾಣದಲ್ಲಿ ಹಾಕಿದರೆ ಸಿಗಡಿ ಉಳಿಯುತ್ತದೆ. ಒಂದಕ್ಕೆ ವಿಷವಾದುದನ್ನು ಮತ್ತೊಂದು ತಾಳಿಕೊಳ್ಳಬಲ್ಲುದು. ಕಡಲೆಕಾಯಿ ಹಿಂಡಿಯೂ ತೇವದಲ್ಲಿ ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ಎಂಬ ವಿಷವನ್ನು ತಳೆಯಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಹಿಂಡಿಯನ್ನು ತಿಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಹಿಂಡಿಯ ಮೂಟೆಯನ್ನು ಒಣ ಜಾಗದಲ್ಲಿ, ನೆಲಕ್ಕೆ ತಾಗದಂತೆ ಇಡಬೇಕೆಂಬ ಸಣ್ಣ ನಿಯಮದ ಹಿಂದೆ ಇಷ್ಟು ದೊಡ್ಡ ಪಾಠವಿದೆ.

ಕೆರೆ ಮೀನಿಗೆ ಮಾತ್ರ ಸೇರಿದುದಲ್ಲ. ದನಕರುಗಳು ಅದರ ನೀರನ್ನು ಕುಡಿಯುತ್ತವೆ; ಸುತ್ತಲಿನ ಬಾವಿಗಳ ಅಂತರ್ಜಲಕ್ಕೂ ಅದೇ ಆಧಾರ. ಮೇವಿನೊಡನೆ ನೀರಿಗೆ ಬಿದ್ದುದು ಮೀನಿನ ಹೊಟ್ಟೆಯಲ್ಲಿಯೇ ನಿಲ್ಲುವುದಿಲ್ಲ. ಹಿತ್ತಲ ಗಿಡವು ಮದ್ದಾಗುವುದು ಅದರ ಗುಣವನ್ನೂ ಮಿತಿಯನ್ನೂ ಅರಿತವನ ಕೈಯಲ್ಲಿ ಮಾತ್ರ. ನಂಬಿಕೆಯನ್ನು ಪ್ರಯೋಗದ ಒರೆಗೆ ಹಚ್ಚಿ ನೋಡುವುದೇ ವಿಜ್ಞಾನದ ಮಾರ್ಗ.