ಹೊಗೆಯಿಲ್ಲದ ಬೆಂಕಿ: ಕೊಳವಿಯಿಲ್ಲದ ಗ್ಯಾಸು ಅಗ್ಗಿಷ್ಟಿಕೆಗಳ ವಿಚಾರ

ಹೊಗೆಯಿರುವಲ್ಲಿ ಬೆಂಕಿಯುಂಟೆಂಬುದು ನಮ್ಮ ತಾರ್ಕಿಕರು ಅನುಮಾನಪ್ರಮಾಣಕ್ಕೆ ಕೊಡುವ ಮೊದಲನೆಯ ನಿದರ್ಶನ. ಆದರೆ ಬೆಂಕಿಯಿರುವಲ್ಲೆಲ್ಲ ಹೊಗೆಯುಂಟೆಂಬುದನ್ನು ಅವರು ಒಪ್ಪಲಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಹಸಿಯ ಸೌದೆಯ ಸಂಯೋಗವೆಂಬ ಉಪಾಧಿಯು ಬೇಕು ಎಂದು ಅವರು ಬಗೆಹರಿಸಿದರು. ಇಂದಿನ ಗೃಹಸ್ಥರಾದರೋ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊಗೆ ಕಾಣದ ಬೆಂಕಿಯಿಂದ ಕೆಡುಕಿಲ್ಲವೆಂಬ ಹೊಸದೊಂದು ವ್ಯಾಪ್ತಿಯನ್ನು ತಾವಾಗಿಯೇ ಕಲ್ಪಿಸಿಕೊಂಡಿರುವರು. ಈ ಕಲ್ಪನೆಯು ಎಷ್ಟು ಅಪಾಯಕರವಾದುದೆಂಬುದನ್ನು ಒಂದು ಗೃಹೋಪಕರಣದ ಮೂಲಕ ವಿಚಾರಿಸಬೇಕೆಂದು ಈ ಲೇಖನದ ಉದ್ದೇಶ.

ಅಮೆರಿಕದ ಸಂಯುಕ್ತಸಂಸ್ಥಾನಗಳಲ್ಲಿ ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡಲು ಗೋಡೆಗೆ ತಗುಲಿಸಿದ, ಇಲ್ಲವೆ ಕೃತಕವಾದ ಸೌದೆಯ ತುಂಡುಗಳ ನಡುವೆ ಉರಿಯುವ, ಗ್ಯಾಸಿನ ಒಲೆಗಳನ್ನು ಬಳಸುವುದುಂಟು. ಇವುಗಳಲ್ಲಿ ಒಂದು ಜಾತಿಗೆ ಹೊಗೆಗೊಳವಿಯೇ ಇರುವುದಿಲ್ಲ. ಇದನ್ನು ನಾವು ಕೊಳವಿಯಿಲ್ಲದ ಅಗ್ಗಿಷ್ಟಿಕೆಯೆನ್ನಬಹುದು. ಕೊಳವಿಯ ಮೂಲಕ ಹೊರಕ್ಕೆ ಹೋಗಿ ವ್ಯರ್ಥವಾಗುವ ಉಷ್ಣವು ಇದರಲ್ಲಿ ಬಹುಮಟ್ಟಿಗೆ ಕೋಣೆಯಲ್ಲಿಯೇ ಉಳಿಯುವುದೆಂದು ಮಾರುವವರು ಹೇಳುವರು. ಮಾತೇನೋ ನಿಜ. ಆದರೆ ಉಷ್ಣದೊಡನೆ ಉರಿಯ ಶೇಷವೆಲ್ಲವೂ ಕೋಣೆಯಲ್ಲಿಯೇ ಉಳಿಯುವುದೆಂಬುದೂ ಅಷ್ಟೇ ನಿಜ. ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ವಾಸದ ಮನೆಗಳಲ್ಲಿ ಇವನ್ನಿಡಲು ನಿಷೇಧವುಂಟು. ಇವನ್ನು ಒಪ್ಪುವ ಇತರ ಕಡೆಗಳ ಕಟ್ಟಳೆಗಳೂ ಸಾಮಾನ್ಯವಾಗಿ ಮಿತಿಯನ್ನು ಹೇಳುತ್ತವೆ: ಮಲಗುವ ಕೋಣೆಯಲ್ಲಿ ಗಂಟೆಗೆ 10,000 ಬ್ರಿಟಿಷ್ ಉಷ್ಣಮಾನ, ಸ್ನಾನದ ಕೋಣೆಯಲ್ಲಿ 6,000. ಈಗಿನ ಅಳತೆಯಲ್ಲಿ ಇವು ಸುಮಾರು 2.9 ಮತ್ತು 1.8 ಕಿಲೋವ್ಯಾಟುಗಳು.

ಈ ಸಂಖ್ಯೆಗಳ ಅರ್ಥವು ಲೆಕ್ಕವಿಟ್ಟು ನೋಡಿದಾಗ ತಿಳಿಯುವುದು. ಪ್ರೊಪೇನೆಂಬ ಅನಿಲವು ಒಂದು ಕಿಲೋಗ್ರಾಮು ಉರಿಯಬೇಕಾದರೆ ಗಾಳಿಯಲ್ಲಿರುವ ಆಮ್ಲಜನಕವು ಸುಮಾರು 3.6 ಕಿಲೋಗ್ರಾಮು ಬೇಕು. ಉರಿದ ಮೇಲೆ 3 ಕಿಲೋಗ್ರಾಮು ಇಂಗಾಲದ ಡೈ ಆಕ್ಸೈಡೂ 1.6 ಕಿಲೋಗ್ರಾಮು ನೀರಾವಿಯೂ ಉಳಿಯುವುವು. ಮಲಗುವ ಕೋಣೆಗೆ ಒಪ್ಪಿರುವ ಚಿಕ್ಕ ಅಗ್ಗಿಷ್ಟಿಕೆಯು ಗಂಟೆಗೆ ಸುಮಾರು 210 ಗ್ರಾಮು ಪ್ರೊಪೇನನ್ನು ಸುಡುವುದು. ಮೂವತ್ತು ಘನಮೀಟರಿನ, ಎಲ್ಲ ಸಂದುಗಳನ್ನೂ ಮುಚ್ಚಿದ ಕೋಣೆಯಲ್ಲಿ ಇದನ್ನು ಒಂದು ಗಂಟೆ ಉರಿಸಿದರೆ ಆಮ್ಲಜನಕವು ಶೇಕಡಾ 21ರಿಂದ 19ಕ್ಕೆ ಇಳಿಯುವುದು. ಡೈ ಆಕ್ಸೈಡು ಶೇಕಡಾ ಒಂದನ್ನು ಮೀರುವುದು. ರಾತ್ರಿಯ ಎಂಟು ಗಂಟೆಗಳಲ್ಲಿ ಎರಡೂವರೆ ಲೀಟರಿಗೆ ಮೇಲ್ಪಟ್ಟು ನೀರು ಆವಿಯಾಗಿ ಸೇರಿ, ತಣ್ಣಗಿರುವ ಗೋಡೆಗಳ ಮೇಲೆ ಬೆವರಾಗಿ ಕೂತು, ಬೂಷ್ಟಿಗೆ ಆಸ್ಪದವಾಗುವುದು. ಉರಿಯ ಕಾವಿನಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕದೊಡನೆ ಕೂಡಿ, ಶ್ವಾಸಕೋಶವನ್ನು ಕೆರಳಿಸುವ ಇನ್ನೊಂದು ಅನಿಲವಾಗುವುದು. ಉಬ್ಬಸದವರಿಗೆ ಅದು ಸಲ್ಲದು. ನಿಜವಾದ ಮನೆಗಳಲ್ಲಿ ಸಂದುಗಳಿದ್ದೇ ಇರುವುದರಿಂದ ಈ ಲೆಕ್ಕವು ಪೂರ್ತಿಯಾಗಿ ಫಲಿಸುವುದಿಲ್ಲ. ಆದರೆ ಚಳಿಗೆ ಅಂಜಿ ಸಂದುಗಳನ್ನೆಲ್ಲ ಮುಚ್ಚುವವರೇ ಅಗ್ಗಿಷ್ಟಿಕೆಯನ್ನೂ ಹೊತ್ತಿಸುವವರೆಂಬುದನ್ನು ಮರೆಯಬಾರದು.

ಇವೆಲ್ಲಕ್ಕಿಂತ ಕ್ರೂರವಾದುದು ಇಂಗಾಲದ ಮಾನಾಕ್ಸೈಡು. ಉರಿಗೆ ಆಮ್ಲಜನಕವು ಸಾಲದಿದ್ದಾಗಲೂ, ಜ್ವಾಲೆಯು ತಣ್ಣನೆಯ ವಸ್ತುವಿಗೆ ತಗಲಿ ಅರೆಬೆಂದು ನಿಂತಾಗಲೂ ಇದು ಹುಟ್ಟುವುದು. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಇದು ರಕ್ತದ ಕೆಂಪು ದ್ರವ್ಯವನ್ನು ಹಿಡಿದು ಆಮ್ಲಜನಕಕ್ಕೆ ಎಡೆಯಿಲ್ಲದಂತೆ ಮಾಡುವುದೆಂಬುದನ್ನು ಫ್ರಾನ್ಸಿನ ಕ್ಲೋದ್ ಬೆರ್ನಾರನು 1857ರ ಗ್ರಂಥದಲ್ಲಿ ವಿವರಿಸಿದನು. ಜಾನ್ ಸ್ಕಾಟ್ ಹಾಲ್ಡೇನನು ಈ ಅನಿಲವನ್ನು ತಾನೇ ಸೇವಿಸಿ, ತನ್ನಲ್ಲಾದ ವಿಕಾರಗಳನ್ನು ಗುರುತಿಸಿಕೊಂಡು 1895ರಲ್ಲಿ ಪ್ರಕಟಿಸಿದನು. ರಕ್ತದ್ರವ್ಯಕ್ಕೆ ಆಮ್ಲಜನಕಕ್ಕಿಂತ ಇದರಲ್ಲಿ ಇನ್ನೂರು ಮಡಿಗೂ ಹೆಚ್ಚಾದ ಆಸಕ್ತಿಯುಂಟು. ಆದುದರಿಂದ ಗಾಳಿಯಲ್ಲಿ ಸಾವಿರಕ್ಕೆ ಒಂದು ಪಾಲು ಈ ಅನಿಲವಿದ್ದು ಸಾಕಷ್ಟು ಹೊತ್ತು ಕಳೆದರೆ ರಕ್ತದ್ರವ್ಯದ ಸುಮಾರು ಅರ್ಧವು ಇದರ ವಶವಾಗುವುದು. ಅಷ್ಟಾದರೆ ಪ್ರಾಣಾಪಾಯವೇ ಸರಿ.

ಸಾಹಿತ್ಯದ ಅಧ್ಯಾಪಕರಿಗೆ ಎಮಿಲ್ ಜೋಲನ ಮರಣವು ತಿಳಿದ ವಿಷಯವಾಗಿರಬಹುದು. 1902ನೆಯ ಸೆಪ್ಟೆಂಬರು 28ರ ರಾತ್ರಿ ಪ್ಯಾರಿಸಿನ ತನ್ನ ಮನೆಯಲ್ಲಿ ಅವನೂ ಅವನ ಪತ್ನಿಯೂ ಮಲಗಿದ್ದ ಕೋಣೆಯ ಹೊಗೆಗೂಡು ಕಟ್ಟಿಕೊಂಡಿತ್ತು. ನಡುರಾತ್ರಿಯಲ್ಲಿ ಇಬ್ಬರಿಗೂ ಸಂಕಟವಾದರೂ ಅಜೀರ್ಣವಿರಬೇಕೆಂದೆಣಿಸಿ ಆಳುಗಳನ್ನು ಎಬ್ಬಿಸಲಿಲ್ಲ. ಬೆಳಗ್ಗೆ ಬಾಗಿಲು ತೆರೆದಾಗ ಪತ್ನಿಗೆ ಜೀವವಿತ್ತು, ಜೋಲನು ಬದುಕಲಿಲ್ಲ. ಹೊಗೆಗೂಡನ್ನು ಶತ್ರುಗಳು ಬೇಕೆಂದೇ ಮುಚ್ಚಿಸಿದರೆಂಬ ಮಾತು ಅನಂತರ ಹುಟ್ಟಿತು. ಅದು ಚರಿತ್ರಕಾರರಿಗೆ ಬಿಟ್ಟ ವಿಚಾರ. ನಮಗೆ ಮುಖ್ಯವಾದುದು ಎರಡು ಅಂಶಗಳು. ಹೊಗೆಗೂಡು ಕಟ್ಟಿದ ಒಲೆಯು ಕೊಳವಿಯಿಲ್ಲದ ಒಲೆಗೆ ಸಮಾನ. ಮತ್ತು ಈ ವಿಷವು ತಲೆನೋವು, ಓಕರಿಕೆ, ಆಯಾಸಗಳ ವೇಷದಲ್ಲಿ ಬಂದು, ಎದ್ದು ಹೋಗಬೇಕೆಂಬ ಬುದ್ಧಿಯನ್ನೇ ಮೊದಲು ಕುಂದಿಸುವುದು.

ಈ ಭಯವನ್ನು ನಿವಾರಿಸುವುದಕ್ಕೆಂದು 1980ರ ದಶಕದಿಂದ ಅಮೆರಿಕದ ಇಂತಹ ಅಗ್ಗಿಷ್ಟಿಕೆಗಳಲ್ಲಿ ಒಂದು ಯುಕ್ತಿಯನ್ನು ಅಳವಡಿಸುತ್ತ ಬಂದಿದ್ದಾರೆ. ಯಾವಾಗಲೂ ಉರಿಯುತ್ತಿರುವ ಒಂದು ಚಿಕ್ಕ ಜ್ವಾಲೆಯು ಎರಡು ಲೋಹಗಳನ್ನು ಬೆಸೆದ ಕಡ್ಡಿಯೊಂದನ್ನು ಕಾಯಿಸುತ್ತಿರುವುದು. ಆ ಕಾವಿನಿಂದ ಹುಟ್ಟುವ ಅತ್ಯಲ್ಪವಾದ ವಿದ್ಯುತ್ತೇ ಗ್ಯಾಸಿನ ಬಾಯನ್ನು ತೆರೆದಿಟ್ಟಿರುವುದು. ಆಮ್ಲಜನಕವು ಶೇಕಡಾ 18ರ ಸುಮಾರಿಗೆ ಇಳಿದೊಡನೆ ಜ್ವಾಲೆಯು ತನ್ನ ನೆಲೆಯಿಂದ ಮೇಲಕ್ಕೆ ಹಾರುವುದು, ಕಡ್ಡಿ ತಣ್ಣಗಾಗುವುದು, ಗ್ಯಾಸು ನಿಲ್ಲುವುದು. ಇದು ಜಾಣತನದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ, ಇದರಿಂದ ಅನೇಕ ಜೀವಗಳು ಉಳಿದಿರಲೂ ಬೇಕು. ಆದರೂ ಇದು ಅಳೆಯುವುದು ಆಮ್ಲಜನಕವನ್ನು. ಉರಿಬಾಯಲ್ಲಿ ಧೂಳು ತುಂಬಿಯೋ ಕೃತಕಸೌದೆಯ ತುಂಡು ಸರಿದು ಜ್ವಾಲೆಗೆ ಅಡ್ಡವಾಗಿಯೋ ಮಾನಾಕ್ಸೈಡು ಹುಟ್ಟುತ್ತಿದ್ದರೆ, ಕೋಣೆಯಲ್ಲಿ ಆಮ್ಲಜನಕವು ಬೇಕಾದಷ್ಟಿದ್ದಾಗ, ಈ ಯಂತ್ರಕ್ಕೆ ಅದರ ಸುಳಿವೇ ಇರುವುದಿಲ್ಲ. ನೀಲಿಯ ಜ್ವಾಲೆ ಹಳದಿಗೆ ತಿರುಗಿದರೆ ಕೆಟ್ಟುದೆಂದು ತಿಳಿಯಬೇಕೆಂಬ ಹಳೆಯ ಗುರುತೊಂದುಂಟು. ಸೌದೆಯ ಬೆಂಕಿಯ ಸೊಬಗಿಗಾಗಿ ಹಳದಿಯ ಜ್ವಾಲೆಯನ್ನೇ ಬೇಕೆಂದು ಬರಿಸುವ ಉಪಕರಣಗಳಲ್ಲಿ ಅದೂ ಕೆಲಸಕ್ಕೆ ಬಾರದು.

ಗ್ಯಾಸಿಗೆ ವಾಸನೆಯುಂಟಲ್ಲ, ಕೆಟ್ಟರೆ ಮೂಗಿಗೆ ತಿಳಿಯದೆ ಇರುವುದೆ ಎಂದು ಕೆಲವರು ಕೇಳುವರು. ಆ ವಾಸನೆಯು ಗ್ಯಾಸಿನ ಸ್ವಂತದ್ದಲ್ಲ. 1937ನೆಯ ಮಾರ್ಚಿ 18ರಂದು ಟೆಕ್ಸಾಸಿನ ನ್ಯೂ ಲಂಡನ್ ಎಂಬಲ್ಲಿ ವಾಸನೆಯಿಲ್ಲದ ಗ್ಯಾಸು ಶಾಲೆಯ ನೆಲದಡಿಯಲ್ಲಿ ಸೋರಿ ಸಿಡಿದು ಸುಮಾರು 300 ಮಂದಿ ಮಕ್ಕಳೂ ಉಪಾಧ್ಯಾಯರೂ ಮಡಿದರು. ಆಮೇಲೆ ದುರ್ಗಂಧದ್ರವ್ಯವನ್ನು ಬೆರೆಸಬೇಕೆಂಬ ಕಟ್ಟಳೆಯು ಅಲ್ಲಿ ಬಂದಿತು. ಉರಿಯದೆ ಸೋರಿದ ಗ್ಯಾಸನ್ನು ಅದು ತಿಳಿಸುವುದು. ಉರಿಯಲ್ಲಿ ಆ ದ್ರವ್ಯವೂ ಸುಟ್ಟುಹೋಗುವುದರಿಂದ ಮಾನಾಕ್ಸೈಡಿನ ವಿಷಯದಲ್ಲಿ ಅದು ಮೂಕವಾಗಿರುವುದು.

ಮೋಟಾರನ್ನು ನಿಲ್ಲಿಸುವ ಗ್ಯಾರೇಜಿನಲ್ಲಿ ಅಪಾಯವು ಇಮ್ಮಡಿ. ಪೆಟ್ರೋಲಿನ ಆವಿಯೂ ಪ್ರೊಪೇನೂ ಗಾಳಿಗಿಂತ ಭಾರವಾದುದರಿಂದ ನೆಲವನ್ನು ಹಿಡಿದು ಹರಿಯುವುವು. ಅದಕ್ಕಾಗಿಯೇ ಅಲ್ಲಿ ಉರಿಯ ಮೂಲವು ನೆಲದಿಂದ 18 ಅಂಗುಲವಾದರೂ ಮೇಲಿರಬೇಕೆಂದು ಅಮೆರಿಕದ ಕಟ್ಟಳೆಗಳು ಹೇಳುತ್ತವೆ. ಮನೆಗೆ ಹೊಂದಿಕೊಂಡ ಗ್ಯಾರೇಜಿನ ವಿಷವು ನಡುಬಾಗಿಲಿನಿಂದ ಮನೆಗೂ ಬರುವುದು. 2021ನೆಯ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಹಿಮಗಾಳಿಯಿಂದ ವಿದ್ಯುತ್ತು ನಿಂತಾಗ, ಬೆಚ್ಚಗಿರಲೆಂದು ಗ್ಯಾರೇಜಿನಲ್ಲಿ ಮೋಟಾರನ್ನು ನಡೆಸಿಟ್ಟು, ಮನೆಯೊಳಗೆ ಇದ್ದಿಲೊಲೆಯನ್ನು ಹೊತ್ತಿಸಿ, ವಿಷಕ್ಕೀಡಾದವರು ಹಲವರು.

ಕನ್ನಡನಾಡಿನಲ್ಲಿ ಅಂತಹ ಚಳಿಯಿಲ್ಲವೆಂದು ವಾಚಕರು ಸಮಾಧಾನಪಡುವಂತಿಲ್ಲ. ಬೆಂಗಳೂರು ಮೊದಲಾದ ಪಟ್ಟಣಗಳ ಸ್ನಾನದ ಕೋಣೆಗಳಲ್ಲಿ ನೀರನ್ನು ಕೂಡಲೆ ಕಾಯಿಸುವ ಗ್ಯಾಸು ಗೀಸರೆಂಬುದು ಇದೇ ಕುಲದ್ದು. ಅದರಿಂದ ಮರಣಗಳೂ ಸಂಭವಿಸಿವೆ. ನಿಮಿಷಕ್ಕೆ ಆರು ಲೀಟರು ನೀರನ್ನು 25 ಡಿಗ್ರಿಯಷ್ಟು ಕಾಯಿಸಬೇಕಾದರೆ, ನಷ್ಟವನ್ನೂ ಸೇರಿಸಿ, ಸುಮಾರು 12 ಕಿಲೋವ್ಯಾಟಿನ ಉರಿ ಬೇಕು. ಸ್ನಾನದ ಕೋಣೆಗೆ ಅಮೆರಿಕದವರು ಒಪ್ಪಿದ ಮಿತಿಗೆ ಇದು ಹೆಚ್ಚುಕಡಮೆ ಏಳು ಮಡಿ. ಹತ್ತು ಘನಮೀಟರಿನ ಮುಚ್ಚಿದ ಕೋಣೆಯಲ್ಲಿ ಹತ್ತು ನಿಮಿಷ ಉರಿಸಿದರೆ ಆಮ್ಲಜನಕವು ಶೇಕಡಾ 17ಕ್ಕೆ ಇಳಿಯುವುದು. ಆಗ ಉರಿಯೇ ಕೆಟ್ಟು ಮಾನಾಕ್ಸೈಡನ್ನು ಕಾರತೊಡಗುವುದು. ಹಿಂದಿನ ಬಚ್ಚಲುಮನೆಯಲ್ಲಿ ಹಂಡೆಯೊಲೆಯ ಹೊಗೆಯು ಕಣ್ಣನ್ನುರಿಸಿ ಜನರನ್ನು ಹೊರಕ್ಕಟ್ಟುತ್ತಿತ್ತು, ಹೆಂಚಿನ ಸಂದುಗಳಲ್ಲಿ ಗಾಳಿಯಾಡುತ್ತಿತ್ತು. ಈಗ ಕಣ್ಣುರಿಯೂ ಇಲ್ಲ, ಸಂದೂ ಇಲ್ಲ.

ಪರಿಹಾರವು ಕಷ್ಟವಾದುದಲ್ಲ. ಗೀಸರನ್ನು ಹೊರಗಿನ ಗಾಳಿಯಲ್ಲಿಟ್ಟು ನೀರಿನ ಕೊಳವಿಯನ್ನು ಮಾತ್ರ ಒಳಕ್ಕೆ ತರುವುದು ಉತ್ತಮ. ಕಿಟಕಿಯ ಚಿಕ್ಕ ಪಂಕವನ್ನು ನಂಬಿ ಬಾಗಿಲಿಕ್ಕಿಕೊಳ್ಳುವುದು ಸಾಲದು. ಮಾನಾಕ್ಸೈಡನ್ನು ಸಾರುವ ಗಂಟೆಯನ್ನು ಮನೆಯಲ್ಲಿಡುವುದು ಒಳ್ಳೆಯದೇ. ಆದರೆ ಅಮೆರಿಕದ ನಿಯಮದಂತೆ ಅದು ಹತ್ತು ಲಕ್ಷಕ್ಕೆ 400 ಪಾಲಿದ್ದರೆ ಕಾಲುಗಂಟೆಯೊಳಗೂ, 70 ಪಾಲಿದ್ದರೆ ಒಂದರಿಂದ ನಾಲ್ಕು ಗಂಟೆಗಳೊಳಗೂ ಕೂಗುವುದು. ಅದಕ್ಕೂ ಕಡಮೆಯಾಗಿ ದಿನವೂ ಸೇರುವ ವಿಷವನ್ನು, ಗರ್ಭಿಣಿಯರಿಗೂ ಹೃದ್ರೋಗಿಗಳಿಗೂ ಅದು ಕೆಡುಕಾದರೂ, ಹೇಳದೆ ಇರಬಹುದು.

ಬಚ್ಚಲಲ್ಲಿ ಯಾರಾದರೂ ಎಚ್ಚರತಪ್ಪಿ ಬಿದ್ದರೆ ಕೂಡಲೆ ಬಾಗಿಲನ್ನು ತೆರೆದು ಬಯಲಿಗೆ ತರಬೇಕು. ವೈದ್ಯರಿಗೆ, ಅಲ್ಲಿ ಗ್ಯಾಸು ಉರಿಯುತ್ತಿತ್ತೆಂಬ ಮಾತನ್ನು ಮೊದಲು ಹೇಳಬೇಕು. ಏಕೆಂದರೆ ಬೆರಳಿಗೆ ಸಿಕ್ಕಿಸಿ ಆಮ್ಲಜನಕವನ್ನಳೆಯುವ ಸಾಧಾರಣವಾದ ಯಂತ್ರವು ಮಾನಾಕ್ಸೈಡು ಹಿಡಿದ ರಕ್ತವನ್ನೂ ಆಮ್ಲಜನಕವುಳ್ಳದ್ದೆಂದೇ ತಿಳಿದು ಸರಿಯಾದ ಸಂಖ್ಯೆಯನ್ನೇ ತೋರಿಸುವುದು. ರಕ್ತವನ್ನು ತೆಗೆದು ಬೇರೆಯಾಗಿ ಪರೀಕ್ಷಿಸಿದಲ್ಲದೆ ನಿಜವು ತಿಳಿಯದು.